ಬೈಯುವ ಪೋಸ್ಟರ್ ತೆಗೆದುಬಿಡು, ಮೇಘಾ

ಚಿ. ಮೇಘಾಳಿಗೆ, ಸೋದರಮಾವನ ಆಶೀರ್ವಾದಗಳು.

ನಿನ್ನ ಕಾಗದ ಓದಿದೆ. ಕ್ಯಾಂಪಸ್ ತುಂಬಾ ಪೋಸ್ಟರ್ ಅಂಟಿಸಿದರೂ ಖಾಲಿ ತರಗತಿಯಲ್ಲಿ ಫ್ಯಾನ್ ತಿರುಗುತ್ತಲೇ ಇರುತ್ತದೆ, ಹಸಿ ಕಸ ಒಣ ಕಸ ಎಲ್ಲ ಒಂದೇ ಡಬ್ಬಿಗೆ ಬೀಳುತ್ತದೆ ಅಂತ ಬೇಜಾರು ಮಾಡಿಕೊಂಡಿದ್ದೀಯ. ಆದರೆ 'ಇವರಿಗೆ ಕಾಳಜಿಯೇ ಇಲ್ಲ' ಅಂದಿದ್ದೀಯಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಮನಸ್ಸಿನಲ್ಲಿ ಕಾಳಜಿ ಇದ್ದೂ ಕೈ ಮುಂದೆ ಬರದವರೇ ಜಾಸ್ತಿ.

ಅಮೆರಿಕದ ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. 1983ರಲ್ಲಿ ಪ್ರಕಟವಾಯಿತು. ಹುಡುಗರ ಸ್ನಾನದ ಕೋಣೆಯ ಗೋಡೆಗೆ 'ಸೋಪು ಹಚ್ಚುವಾಗ ನೀರು ನಿಲ್ಲಿಸಿ' ಎಂದು ಬೋರ್ಡ್ ಹಾಕಿದರು. ಪಾಲಿಸಿದವರು ಶೇ. 6 ಮಾತ್ರ. ಅದೇ ಬೋರ್ಡನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಕೋಣೆಯ ನಡುವೆಯೇ ನಿಲ್ಲಿಸಿದಾಗ ಶೇ. 19. ಆಮೇಲೆ ಒಬ್ಬ ವಿದ್ಯಾರ್ಥಿಯನ್ನು ಒಳಗೆ ಬಿಟ್ಟರು. ಯಾರಾದರೂ ಬಂದರೆ ಅವನು ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನೀರು ಬಿಟ್ಟು ಮೈ ತೊಳೆದು ಹೊರಡಬೇಕು. ಮಾತಿಲ್ಲ, ಉಪದೇಶವಿಲ್ಲ. ಆಗ ಶೇ. 49 ಜನ ಹಾಗೇ ಮಾಡಿದರು. ಅಂಥವರು ಇಬ್ಬರಾದಾಗ ಶೇ. 67!

ಅದೇ ನೀರು, ಅದೇ ಹುಡುಗರು. ಪಕ್ಕದವನು ಮಾಡುತ್ತಿದ್ದಾನೆ ಅಂದಾಗ ಅದು ಸಹಜವಾಗಿ ಕಂಡಿತು, ಅಷ್ಟೆ. ಕಾಲೇಜಿಗೆ ಹೊಸದಾಗಿ ಬಂದವರಿಗಂತೂ ಇಲ್ಲಿ ಹೇಗಿರಬೇಕು ಎಂಬ ಅಳುಕು ಇದ್ದೇ ಇರುತ್ತದೆ. ಅವರು ಸೀನಿಯರ್‌ಗಳನ್ನೇ ನೋಡುತ್ತಾರೆ. ಹಾಗಾಗಿ ತರಗತಿ ಮುಗಿದ ಮೇಲೆ ನೀವು ಇಬ್ಬರು ಮೂವರು ಎಲ್ಲರೆದುರೇ ಸ್ವಿಚ್ ಆರಿಸಿ. ಎಲ್ಲರೂ ಹೋದ ಮೇಲೆ ಕದ್ದು ಆರಿಸಬೇಡ.

ನಿಮ್ಮ ಆ ಪೋಸ್ಟರ್ ಇದೆಯಲ್ವಾ, 'ನಮ್ಮಲ್ಲಿ ಯಾರೂ ಕಸ ಬೇರ್ಪಡಿಸುತ್ತಿಲ್ಲ' ಅಂತ, ಅದನ್ನು ಇವತ್ತೇ ತೆಗೆದುಬಿಡು. ಅಮೆರಿಕದ ಅರಿಜೋನಾ ರಾಜ್ಯದ ಪೆಟ್ರಿಫೈಡ್ ಫಾರೆಸ್ಟ್ ಉದ್ಯಾನದಲ್ಲಿ, ಬಹಳ ಜನ ಕಲ್ಲಾದ ಮರದ ತುಂಡು ಒಯ್ಯುತ್ತಿದ್ದಾರೆ ಎಂದು ಫಲಕ ಹಾಕಿದಾಗ, ಬರೀ 'ಒಯ್ಯಬೇಡಿ' ಎಂದ ಫಲಕ ಇದ್ದಾಗಿನದಕ್ಕಿಂತ ಕಳವು ಹೆಚ್ಚಾಯಿತು. ಎಲ್ಲರೂ ತಪ್ಪು ಮಾಡುತ್ತಿದ್ದಾರೆ ಅಂತ ನಾವೇ ಸಾರಿದರೆ, ಮಾಡದವನಿಗೂ ಧೈರ್ಯ ಬರುತ್ತದೆ.

ಇನ್ನೊಂದು ವಿಷಯ. ಐಸೆಕ್ ಐಜನ್ ಎಂಬ ಮನೋವಿಜ್ಞಾನಿ 1991ರ ಲೇಖನದಲ್ಲಿ ವಿವರಿಸಿದಂತೆ, ಒಂದು ಕೆಲಸ ಮಾಡುವ ಮನಸ್ಸು ಬರಲು ಅದು ಒಳ್ಳೆಯದು ಅನ್ನಿಸಿದರೆ ಸಾಲದು. ನಮ್ಮವರು ಮೆಚ್ಚುತ್ತಾರೆ ಅನ್ನಿಸಬೇಕು, ನನ್ನ ಕೈಲಾಗುತ್ತದೆ ಎಂಬ ನಂಬಿಕೆಯೂ ಬೇಕು. ಒಣ ಕಸದ ಡಬ್ಬಿ ಎರಡು ಮಹಡಿ ಕೆಳಗಿದ್ದರೆ ಆ ನಂಬಿಕೆ ಎಲ್ಲಿಂದ ಬರಬೇಕು, ಹೇಳು. ಸ್ವೀಡನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಿಂಟರ್ ತಾನಾಗಿಯೇ ಹಾಳೆಯ ಎರಡೂ ಬದಿ ಅಚ್ಚು ಹಾಕುವಂತೆ ಸೆಟ್ಟಿಂಗ್ ಬದಲಿಸಿದ್ದಕ್ಕೇ ಕಾಗದದ ಬಳಕೆ ಸುಮಾರು ಶೇ. 15 ಇಳಿಯಿತು. ಕಾಗದ ಉಳಿಸಿ ಎಂದು ಬರೀ ಕೇಳಿಕೊಂಡಾಗ ಏನೂ ಬದಲಾಗಿರಲಿಲ್ಲ.

ಹಾಸ್ಟೆಲ್‌ನವರು ಒಪ್ಪಿದರೆ ಕರೆಂಟ್ ಮೀಟರಿನ ಲೆಕ್ಕವನ್ನು ಬಾಗಿಲ ಬಳಿ ಬರೆದು ಹಾಕಿ. ಅಮೆರಿಕದ ಒಹಾಯೋ ರಾಜ್ಯದ ಓಬರ್ಲಿನ್ ಕಾಲೇಜಿನಲ್ಲಿ 2005ರಲ್ಲಿ ಹಾಸ್ಟೆಲ್‌ಗಳ ನಡುವೆ ಎರಡು ವಾರದ ಸ್ಪರ್ಧೆ ಇಟ್ಟು ಹೀಗೆ ಬಳಕೆ ತೋರಿಸಿದಾಗ ವಿದ್ಯುತ್ ಶೇ. 32 ಉಳಿಯಿತು.

ಎಲ್ಲಕ್ಕೂ ಒಮ್ಮೆಲೇ ಕೈ ಹಾಕಬೇಡ, ಸುಸ್ತಾಗುತ್ತೀಯ. ಮೊದಲು ಲೈಬ್ರರಿಯವರ ಹತ್ತಿರ ಹೋಗಿ ಪ್ರಿಂಟರ್ ಸೆಟ್ಟಿಂಗ್ ಬದಲಿಸಲು ಕೇಳು. ಏನಂದರು ಅಂತ ನನಗೆ ಬರಿ.

ಇಂತಿ,
ನಿನ್ನ ಸೋದರಮಾವ