ಮೊದಲು ಮೂರು ವೋಲ್ಟ್ ಬರೆಯಿರಿ, ಆಮೇಲೆ ಪಾರ್ಟ್ ಬದಲಿಸಿ

ಮಾನ್ಯ ಸಂಪಾದಕರೆ,

ಬ್ಯಾಟರಿ ಚಾರ್ಜ್ ಕಡಿಮೆಯಾಗಿದೆ, ಕೆಲವು ಸೌಲಭ್ಯ ನಿಲ್ಲಿಸಲಾಗಿದೆ ಎಂಬರ್ಥದ ಸಾಲು ಕಾರಿನ ಪರದೆಯ ಮೇಲೆ ಬಂದಾಗ ಒಂದರ ಹಿಂದೊಂದು ತೊಂದರೆ ಕಾಣುತ್ತದೆ. ಮ್ಯೂಸಿಕ್ ಸಿಸ್ಟಮ್ ತಾನಾಗಿ ಆಫ್ ಆಗುತ್ತದೆ, ಹಿಂದಿನ ಗಾಜಿನ ಮಂಜು ತೆಗೆಯುವ ಡಿಫಾಗರ್ ಹತ್ತುವುದಿಲ್ಲ, ಪವರ್ ವಿಂಡೋ ತೆವಳುತ್ತಾ ಏರುತ್ತದೆ, ಸಿಗ್ನಲ್ಲಿನಲ್ಲಿ ತಾನೇ ನಿಲ್ಲುತ್ತಿದ್ದ ಎಂಜಿನ್ ನಿಲ್ಲುವುದೇ ಇಲ್ಲ. ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಹಾಕಿದರೆ ಎಬಿಎಸ್, ಸ್ಟಿಯರಿಂಗ್, ಏರ್‌ಬ್ಯಾಗ್, ಕ್ಯಾಮೆರಾ ಎಂದು ಹತ್ತಾರು ಎರರ್ ಕೋಡ್ ಸಾಲುಗಟ್ಟಿ ನಿಲ್ಲುತ್ತವೆ. ಅಲ್ಲಿಂದ ಮಾತು ಮಾಡ್ಯೂಲ್ (ಒಂದೊಂದು ವ್ಯವಸ್ಥೆಯನ್ನು ನಡೆಸುವ ಎಲೆಕ್ಟ್ರಾನಿಕ್ ಕಂಟ್ರೋಲರ್) ಬದಲಿಸುವ ಕಡೆಗೆ ತಿರುಗುತ್ತದೆ. ಬಹಳ ಸಲ ಆ ಮಾಡ್ಯೂಲುಗಳಿಗೆ ಏನೂ ಆಗಿರುವುದಿಲ್ಲ, ಅವಕ್ಕೆ ಬೇಕಾದಷ್ಟು ವೋಲ್ಟ್ ಸಿಕ್ಕಿರುವುದಿಲ್ಲ.

ಆದ್ದರಿಂದ ಈ ಪತ್ರದ ಬೇಡಿಕೆ ಒಂದೇ. ವಯರಿಂಗ್, ಎಲೆಕ್ಟ್ರಿಕಲ್ ಎಂದು ದೂರು ಹೊತ್ತು ಬಂದ ಪ್ರತಿ ಕಾರಿನ ಜಾಬ್ ಕಾರ್ಡಿನಲ್ಲಿ ಮೂರು ಅಂಕಿ ಇರಲೇಬೇಕು: ಕಾರು ನಿಂತಿದ್ದಾಗಿನ ವೋಲ್ಟ್, ಸೆಲ್ಫ್ ಹೊಡೆಯುವಾಗಿನ ವೋಲ್ಟ್, ಎಂಜಿನ್ ಓಡುವಾಗಿನ ವೋಲ್ಟ್. ಸಾಧಾರಣ ಮಲ್ಟಿಮೀಟರ್ ಸಾಕು, ಐದು ನಿಮಿಷದ ಕೆಲಸ. ನಿಂತಾಗಿನದನ್ನೂ ಓಡುವಾಗಿನದನ್ನೂ ಮಾಲೀಕರೇ ಮನೆಯಲ್ಲಿ ನೋಡಿಕೊಳ್ಳಬಹುದು.

ನಿಂತಾಗಿನ ವೋಲ್ಟ್ ನೋಡುವಲ್ಲೇ ಹೆಚ್ಚಿನವರು ಎಡವುತ್ತಾರೆ. ಕಾರು ಓಡಿಸಿ ಬಂದ ಕೂಡಲೇ ಮೀಟರ್ ಹಿಡಿದರೆ 12.8, 12.9 ತೋರಿಸುತ್ತದೆ. ಅದು ಬ್ಯಾಟರಿಯೊಳಗಿನ ಸೀಸದ ಪ್ಲೇಟಿನ ಮೇಲ್ಮೈಯಲ್ಲಿ ಉಳಿದ ಚಾರ್ಜು, ಒಳಗಿನ ಸಂಗ್ರಹವಲ್ಲ. ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡಿ. ಅಷ್ಟು ಪುರಸೊತ್ತಿಲ್ಲದಿದ್ದರೆ ಎಂಜಿನ್ ಆಫ್ ಇಟ್ಟು ಹೆಡ್‌ಲೈಟ್ ಎರಡು ನಿಮಿಷ ಉರಿಸಿ, ಆರಿಸಿ, ಐದಾರು ನಿಮಿಷ ತಡೆದು ನೋಡಿ. ಮೀಟರ್ ಡಿಸಿ 20 ವೋಲ್ಟಿನಲ್ಲಿರಲಿ. ಕಡ್ಡಿಯನ್ನು ಕ್ಲ್ಯಾಂಪಿಗಲ್ಲ, ಸೀಸದ ಪೋಸ್ಟಿಗೇ ತಾಗಿಸಿ. ಮಾಮೂಲಿ ಲೆಡ್ ಆ್ಯಸಿಡ್ ಬ್ಯಾಟರಿಯಲ್ಲಿ ಆರು ಸೆಲ್, ತುಂಬಿದಾಗ ಒಂದೊಂದರಲ್ಲಿ ಸುಮಾರು 2.1 ವೋಲ್ಟ್. ಹಾಗಾಗಿ 12.6ರಿಂದ 12.7 ಬಂದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. ಎಜಿಎಂ ಬ್ಯಾಟರಿಯಲ್ಲಿ (ಆ್ಯಸಿಡ್ಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿಟ್ಟದ್ದು) ಈ ಅಂಕಿಗಳು ಒಂದೆರಡು ದಶಾಂಶ ಮೇಲಿರುತ್ತವೆ. ಹನ್ನೆರಡು ವೋಲ್ಟಿನ ಬ್ಯಾಟರಿ ಹನ್ನೆರಡು ತೋರಿಸಿದರೆ ಸರಿಯಾಗಿದೆ ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಹನ್ನೆರಡಕ್ಕೆ ಬಂತೆಂದರೆ ಅದು ಬಹುಪಾಲು ಬರಿದಾಗಿದೆ.

ಎರಡನೆಯದು ಸೆಲ್ಫ್ ಹೊಡೆಯುವಾಗಿನ ವೋಲ್ಟ್. ಒಬ್ಬರು ಸ್ಟಾರ್ಟ್ ಮಾಡಬೇಕು, ಇನ್ನೊಬ್ಬರು ಮೀಟರ್ ನೋಡಬೇಕು. ಕನಿಷ್ಠ-ಗರಿಷ್ಠ ಅಂಕಿ ಹಿಡಿದಿಡುವ ಮಿನ್-ಮ್ಯಾಕ್ಸ್ ಇರುವ ಮೀಟರಾದರೆ ಒಳ್ಳೆಯದು, ಏಕೆಂದರೆ ಕುಸಿತ ಕ್ಷಣಮಾತ್ರದ್ದು. ಸಾಧಾರಣ ಹವೆಯಲ್ಲಿ 9.6ಕ್ಕಿಂತ ಕೆಳಗೆ ಇಳಿಯಬಾರದು. ನಿಂತಾಗ 12.6 ತೋರಿಸಿ ಸೆಲ್ಫ್ ಹೊಡೆದಾಗ 8ಕ್ಕೆ ಬಿದ್ದರೆ ಬ್ಯಾಟರಿಯಲ್ಲಿ ಚಾರ್ಜ್ ಇದೆ, ಶಕ್ತಿ ಇಲ್ಲ. ಪ್ಲೇಟು ಸಲ್ಫೇಟ್ ಹಿಡಿದಿದೆ, ಇಲ್ಲವೇ ಒಂದು ಸೆಲ್ ದುರ್ಬಲವಾಗಿದೆ. ವೋಲ್ಟ್ 11ರ ಮೇಲೇ ನಿಂತು ಸೆಲ್ಫ್ ಮಾತ್ರ ಮಂದವಾಗಿ ತಿರುಗಿದರೆ ತಪ್ಪು ಬ್ಯಾಟರಿಯದಲ್ಲ. ಕೇಬಲ್, ಟರ್ಮಿನಲ್, ಅರ್ತ್ (ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೂ ಎಂಜಿನ್ನಿಗೂ ಹೋಗುವ ಜೋಡಣೆ) ಅಥವಾ ಸೆಲ್ಫ್ ಮೋಟರ್ ಕಡೆ ಹುಡುಕಬೇಕು. ಮೀಟರಿನ ಒಂದು ಕಡ್ಡಿಯನ್ನು ನೆಗೆಟಿವ್ ಪೋಸ್ಟಿಗೂ ಇನ್ನೊಂದನ್ನು ಎಂಜಿನ್ನಿನ ಬರಿಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಸಿ. 0.2, 0.3 ವೋಲ್ಟಿನೊಳಗೆ ಇರಬೇಕು. ಅರ್ಧ ವೋಲ್ಟ್ ದಾಟಿದರೆ ಅರ್ತ್ ಪಟ್ಟಿ ಬಿಚ್ಚಿ ಉಜ್ಜಿ ಬಿಗಿದರೆ ಸರಿಹೋಗುವ ಕೆಲಸವದು. ಅದಕ್ಕೆ ಹೊಸ ಬ್ಯಾಟರಿ ಹಾಕಿಸಿದವರು ತಿಂಗಳೊಳಗೆ ಅದೇ ದೂರು ಹೊತ್ತು ಮರಳುತ್ತಾರೆ.

ಮೂರನೆಯದು ಎಂಜಿನ್ ಓಡುವಾಗಿನದು. ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಎಂಜಿನ್ ವೇಗ 1500ರಿಂದ 2000 ಆರ್‌ಪಿಎಂ ಇಟ್ಟು ನೋಡಿದರೆ 13.8ರಿಂದ 14.7ರ ನಡುವೆ ಇರಬೇಕು. 13ರ ಕೆಳಗಿದ್ದರೆ ಎಂಜಿನ್ನಿನಿಂದ ತಿರುಗಿ ಕರೆಂಟ್ ಕೊಡುವ ಆಲ್ಟರ್ನೇಟರ್, ಅದರ ಬೆಲ್ಟ್, ವಯರ್ ನೋಡಿ. 15 ದಾಟಿದರೆ ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿಯುತ್ತದೆ. ಈಚಿನ ಸ್ಮಾರ್ಟ್ ಚಾರ್ಜಿಂಗ್ ಕಾರುಗಳಲ್ಲಿ ಮಾತ್ರ ಆತುರದ ತೀರ್ಪು ಬೇಡ. ಇಂಧನ ಉಳಿಸಲು ಅವು ಬೇಕೆಂದೇ ಕೆಲಹೊತ್ತು 12.5ರ ಹತ್ತಿರ ಇಳಿಸುತ್ತವೆ, ಆಕ್ಸಿಲರೇಟರ್ ಬಿಟ್ಟಾಗ 15ರ ಸಮೀಪಕ್ಕೆ ಏರಿಸುತ್ತವೆ. ಹೆಡ್‌ಲೈಟ್ ಹಾಕಿ ಹಲವು ನಿಮಿಷ ಗಮನಿಸಿಯೇ ಹೇಳಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ಕೇಬಲ್ ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಚಾಳಿ ಕೆಲವೆಡೆ ಇನ್ನೂ ಹೋಗಿಲ್ಲ. ಕೇಬಲ್ ಕಿತ್ತ ಕ್ಷಣ ಹತ್ತಾರು ವೋಲ್ಟಿನ ಏರಿಕೆ ಎದ್ದು ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುವನ್ನೇ ಸುಡಬಲ್ಲದು. ಯಾರಾದರೂ ಹಾಗೆ ಮಾಡಹೊರಟರೆ ಕೈ ಹಿಡಿದು ತಡೆಯಿರಿ.

ಇನ್ನು, ಸೌಲಭ್ಯಗಳು ಏಕೆ ಒಂದೊಂದಾಗಿ ನಿಲ್ಲುತ್ತವೆ? ನೆಗೆಟಿವ್ ಟರ್ಮಿನಲ್ಲಿನ ಮೇಲೆ ಬೆಂಕಿಪೊಟ್ಟಣದಷ್ಟು ಗಾತ್ರದ ಸೆನ್ಸರ್ ಇರುವ ಕಾರುಗಳಲ್ಲಿ ಅದು ವೋಲ್ಟ್, ಕರೆಂಟ್, ತಾಪಮಾನ ಮೂರನ್ನೂ ಅಳೆದು, ಒಳಗೆ ಹೋದದ್ದೆಷ್ಟು, ಹೊರಗೆ ಬಂದದ್ದೆಷ್ಟು ಎಂದು ಖಾತೆ ಇಡುತ್ತದೆ. ಮುಂದಿನ ಸಲ ಸ್ಟಾರ್ಟ್ ಮಾಡಲು ಬೇಕಾದಷ್ಟು ಉಳಿಯುವುದಿಲ್ಲ ಎಂದು ಕಂಡಾಗ ಕಂಟ್ರೋಲರ್ ತಾನಾಗಿಯೇ ಖರ್ಚು ಕಡಿತ ಮಾಡುತ್ತದೆ. ಸಿಗ್ನಲ್ಲಿನಲ್ಲಿ ಎಂಜಿನ್ ತಾನೇ ನಿಂತು ಹತ್ತುವ ಸ್ಟಾರ್ಟ್-ಸ್ಟಾಪ್ ಸಾಮಾನ್ಯವಾಗಿ ಮೊದಲು ಹೋಗುತ್ತದೆ. ಸೀಟ್ ಹೀಟರ್, ಡಿಫಾಗರ್, ಮ್ಯೂಸಿಕ್ ಸಿಸ್ಟಮ್ ನಂತರ. ಇದು ಕೆಡುಕಲ್ಲ, ಕಾರು ಬೇಕೆಂದೇ ಮಾಡಿದ ಕಡಿತ. ಸ್ಟಾರ್ಟ್-ಸ್ಟಾಪ್ ವಾರಗಟ್ಟಲೆ ಕೆಲಸ ಮಾಡದಿದ್ದರೆ ಪೀಡೆ ತೊಲಗಿತೆಂದು ಖುಷಿಪಡುವವರೇ ಹೆಚ್ಚು, ಆದರೆ ಬ್ಯಾಟರಿ ಕೊಡುವ ಮೊದಲ ಸುಳಿವು ಬಹುತೇಕ ಅದೇ.

ಸೌಲಭ್ಯ ನಿಲ್ಲುವ ಎರಡನೆಯ ಬಗೆ ಬೇರೆ. ಅಲ್ಲಿ ಯಾರೂ ನಿಲ್ಲಿಸುವುದಿಲ್ಲ, ವೋಲ್ಟ್ ಸಾಲದೆ ತಾವೇ ನಿಲ್ಲುತ್ತವೆ. ಸೆಲ್ಫ್ ಹೊಡೆದಾಗ ವೋಲ್ಟ್ ಕುಸಿದು ಕಂಟ್ರೋಲರುಗಳು ಅರೆಕ್ಷಣ ಮಲಗಿ ಏಳುತ್ತವೆ, ಒಂದರ ಸಂದೇಶ ಇನ್ನೊಂದಕ್ಕೆ ತಲುಪುವುದಿಲ್ಲ, ಪ್ರತಿಯೊಂದೂ ಪಕ್ಕದವನು ಮಾತಾಡುತ್ತಿಲ್ಲ ಎಂದು ಕೋಡ್ ಬರೆದಿಡುತ್ತದೆ. ಎಲೆಕ್ಟ್ರಿಕ್ ಪವರ್ ಸ್ಟಿಯರಿಂಗ್ ಹತ್ತಾರು ಆ್ಯಂಪಿಯರ್ ಎಳೆಯುವ ವಸ್ತು. ವೋಲ್ಟ್ ಇಳಿದರೆ ಸಹಾಯ ಕಡಿಮೆ ಮಾಡಿ ಹಳದಿ ದೀಪ ಹಚ್ಚುತ್ತದೆ. ರಿಲೇಗಳು (ಕರೆಂಟಿನಿಂದ ಹತ್ತಿ ಆರುವ ಸ್ವಿಚ್ಚುಗಳು) ಹಿಡಿಯದೆ ಟಕಟಕ ಎನ್ನುತ್ತವೆ. ಇಂಥ ಕಾರಿನಲ್ಲಿ ಮಾಡಬೇಕಾದ ಕ್ರಮ: ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಕೋಡುಗಳನ್ನೆಲ್ಲ ಅಳಿಸಿ, ಒಂದೆರಡು ದಿನ ಓಡಿಸಿ, ಮತ್ತೆ ಸ್ಕ್ಯಾನ್ ಮಾಡಿ. ಮರಳಿ ಬಂದ ಕೋಡ್ ಮಾತ್ರ ನಿಜವಾದ ದೂರು.

ಚಾರ್ಜ್ ಕಡಿಮೆಯಾಗುವುದೇಕೆ ಎಂಬುದಕ್ಕೆ ಪದೇ ಪದೇ ಸ್ಟಾರ್ಟ್ ಮಾಡುವುದನ್ನು ದೂರುವುದುಂಟು. ಲೆಕ್ಕ ಹಾಕಿ ನೋಡಿ: 150 ಆ್ಯಂಪಿಯರಿನಂತೆ 3 ಸೆಕೆಂಡ್ ಸೆಲ್ಫ್ ಹೊಡೆದರೆ ಖರ್ಚಾಗುವುದು 0.125 ಆ್ಯಂಪಿಯರ್-ಅವರ್ (ಒಂದು ಆ್ಯಂಪಿಯರ್ ಒಂದು ಗಂಟೆ ಹರಿದರೆ ಒಂದು ಆ್ಯಂಪಿಯರ್-ಅವರ್). ಬ್ಯಾಟರಿಗೆ 10 ಆ್ಯಂಪಿಯರ್ ಹೋಗುತ್ತಿದ್ದರೆ ಒಂದು ನಿಮಿಷದೊಳಗೆ ಅದು ವಾಪಸ್. ತೊಂದರೆ ಇರುವುದು ಆ 10 ಆ್ಯಂಪಿಯರ್ ಹೋಗದಿರುವುದರಲ್ಲಿ. 90 ಆ್ಯಂಪಿಯರ್ ಎಂದು ಬರೆದ ಆಲ್ಟರ್ನೇಟರ್ ಐಡ್ಲಿಂಗ್‌ನಲ್ಲಿ ಅದರ ಅರ್ಧದ ಆಸುಪಾಸು ಕೊಡುತ್ತದೆ. ರಾತ್ರಿ ಟ್ರಾಫಿಕ್ಕಿನಲ್ಲಿ ನಿಂತಾಗ ಹೆಡ್‌ಲೈಟಿಗೆ 9, ಬ್ಲೋವರ್ ಪೂರ್ತಿ ಇಟ್ಟರೆ 15ರಿಂದ 20, ಡಿಫಾಗರಿಗೆ ಇನ್ನೊಂದು 10ರಿಂದ 15, ರೇಡಿಯೇಟರ್ ಫ್ಯಾನು, ಫ್ಯುಯೆಲ್ ಪಂಪು, ಇಸಿಯು ಎಲ್ಲ ಕೂಡಿದರೆ ಆದಾಯಕ್ಕಿಂತ ಖರ್ಚೇ ಮುಂದೆ. ಹಾಗೆ ಓಡುವ ಕಾರಿನ ಬ್ಯಾಟರಿ ಸದಾ ಮುಕ್ಕಾಲಿನ ಕೆಳಗೇ ಉಳಿಯುತ್ತದೆ. 12.4ರ ಕೆಳಗೆ ಬಹುಕಾಲ ಉಳಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಹಾಕಿದರೂ ಹಿಂದಿನ ಸಾಮರ್ಥ್ಯ ಬರುವುದಿಲ್ಲ.

ನಿಂತ ಕಾರಿನ ಲೆಕ್ಕ ಇನ್ನೊಂದು. ಅಲಾರಂ, ರಿಮೋಟ್ ರಿಸೀವರ್, ಗಡಿಯಾರ ಇವೆಲ್ಲ ಸೇರಿ 50 ಮಿಲಿಆ್ಯಂಪಿಯರ್ ತನಕ ಎಳೆದರೆ ಸಹಜ. ದಿನಕ್ಕೆ 1.2 ಆ್ಯಂಪಿಯರ್-ಅವರ್ ಆಯಿತು. 45 ಆ್ಯಂಪಿಯರ್-ಅವರ್ ಬ್ಯಾಟರಿ ಮೂರು ವಾರದಲ್ಲಿ 25 ಕಳೆದುಕೊಳ್ಳುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು. ಡಿಕ್ಕಿಯ 5 ವ್ಯಾಟ್ ದೀಪ ಆರದೆ ಉಳಿದರೆ ದಿನಕ್ಕೆ 10. ಪಾರ್ಕಿಂಗ್ ಮೋಡಿನಲ್ಲಿ 200 ಮಿಲಿಆ್ಯಂಪಿಯರ್ ಎಳೆಯುವ ಡ್ಯಾಶ್‌ಕ್ಯಾಮ್ ದಿನಕ್ಕೆ 4.8. ಡಯಾಗ್ನೊಸ್ಟಿಕ್ ಸಾಕೆಟ್ಟಿಗೆ ಚುಚ್ಚಿಟ್ಟ ಟ್ರ್ಯಾಕರ್ ಕೆಲವು ಕಾರುಗಳಲ್ಲಿ ಇತರ ಕಂಟ್ರೋಲರುಗಳನ್ನೂ ಮಲಗಗೊಡುವುದಿಲ್ಲ.

ಈ ಸೋರಿಕೆ ಹಿಡಿಯುವುದಕ್ಕೆ ತಾಳ್ಮೆ ಬೇಕು. ಬಾನೆಟ್ ತೆಗೆದು ಅದರ ಲಾಕನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿ, ಬಾನೆಟ್ ಹಾಕಿದೆ ಎಂದು ಕಾರು ತಿಳಿಯಲಿ. ಬಾಗಿಲು ಮುಚ್ಚಿ ಲಾಕ್ ಮಾಡಿ, ಕೀಯನ್ನು ದೂರ ಇಡಿ. ಮೀಟರನ್ನು 10 ಆ್ಯಂಪಿಯರ್ ರೇಂಜಿನಲ್ಲಿ ನೆಗೆಟಿವ್ ಪೋಸ್ಟ್ ಮತ್ತು ಕೇಬಲ್ ನಡುವೆ ಸರಣಿಯಲ್ಲಿ ಸೇರಿಸಿ. ಮೊದಲು ಹಲವು ಆ್ಯಂಪಿಯರ್ ಕಂಡರೆ ಹೆದರಬೇಡಿ, ಕಂಟ್ರೋಲರುಗಳು ಮಲಗಲು 20ರಿಂದ 40 ನಿಮಿಷ ಹಿಡಿಯುತ್ತದೆ. ಮೀಟರ್ ಸೇರಿಸಿದ ಮೇಲೆ ಇಗ್ನಿಷನ್ ಹಾಕಿದರೆ ಮೀಟರಿನ ಫ್ಯೂಸ್ ಹೋಗುತ್ತದೆ, ಮರೆಯಬೇಡಿ. ನಲವತ್ತು ನಿಮಿಷವಾದರೂ 50 ಮಿಲಿಆ್ಯಂಪಿಯರಿನ ಕೆಳಗೆ ಬರದಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳಿ; ಯಾವುದನ್ನು ಕಿತ್ತಾಗ ಅಂಕಿ ಬೀಳುತ್ತದೋ ಆ ಸರ್ಕ್ಯೂಟ್ ಕಳ್ಳ. ಯಾವ ಫ್ಯೂಸ್ ಕಿತ್ತರೂ ಬೀಳದಿದ್ದರೆ ಆಲ್ಟರ್ನೇಟರಿನ ಡಯೋಡ್ ಸೋರುತ್ತಿರಬಹುದು, ಅದರ ದಪ್ಪ ವಯರ್ ಬಿಚ್ಚಿ ನೋಡಬೇಕು. ಬಿಚ್ಚುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆದಿರಲಿ.

ಇಳಿದ ಬ್ಯಾಟರಿಗೆ ಅರ್ಧ ಗಂಟೆ ಡ್ರೈವ್ ಸಾಲದು. 45ರ ಬ್ಯಾಟರಿಗೆ 4.5 ಆ್ಯಂಪಿಯರ್ ಚಾರ್ಜರ್ ಹಾಕಿದರೂ ಹತ್ತು ಹನ್ನೆರಡು ಗಂಟೆ ಬೇಕು, ಕೊನೆಯ ಐದನೇ ಒಂದು ಭಾಗ ಬಲು ನಿಧಾನ. ನೆಗೆಟಿವ್ ಮೇಲೆ ಸೆನ್ಸರ್ ಇದ್ದರೆ ಚಾರ್ಜರಿನ ಕಪ್ಪು ಕ್ಲಿಪ್ಪನ್ನು ಪೋಸ್ಟಿಗೆ ಕಚ್ಚಿಸಬೇಡಿ, ಬಾಡಿಯ ಅರ್ತ್ ಬೋಲ್ಟಿಗೆ ಕಚ್ಚಿಸಿ. ಪೋಸ್ಟಿಗೇ ಕೊಟ್ಟರೆ ಒಳಗೆ ಹೋದ ಚಾರ್ಜು ಸೆನ್ಸರಿನ ಖಾತೆಗೆ ಸೇರುವುದಿಲ್ಲ; ಬ್ಯಾಟರಿ ತುಂಬಿದ್ದರೂ ಕಾರು ಕಡಿಮೆ ಎಂದೇ ಹಟ ಹಿಡಿಯುತ್ತದೆ. ಹೊರಗಿನಿಂದ ಹಾಕಿಸುವ ಆಂಪ್ಲಿಫೈಯರ್, ಹಾರ್ನ್ ಇತ್ಯಾದಿಗಳ ಅರ್ತ್ ವಯರಿಗೂ ಇದೇ ನಿಯಮ.

ಇನ್ನೊಂದು ಕಾರಿನ ಬ್ಯಾಟರಿಯಿಂದ ಜಂಪ್ ಮಾಡಿ ಸ್ಟಾರ್ಟ್ ಮಾಡುವಾಗಿನ ಕ್ರಮ: ಕೆಂಪು ಮೊದಲು ಇಳಿದ ಬ್ಯಾಟರಿಯ ಪಾಸಿಟಿವ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪಾಸಿಟಿವ್‌ಗೆ, ಕಪ್ಪು ಒಳ್ಳೆಯದರ ನೆಗೆಟಿವ್‌ಗೆ, ಕೊನೆಯ ತುದಿ ಇಳಿದ ಕಾರಿನ ಎಂಜಿನ್ನಿನ ಬರಿಲೋಹಕ್ಕೆ. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುತ್ತದೆ, ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತಿರುತ್ತದೆ, ಅದಕ್ಕೇ ಆ ದೂರ. ಬಿಚ್ಚುವಾಗ ಇದರ ತಿರುಗುಮುರುಗು.

ಬ್ಯಾಟರಿ ಕೇಬಲ್ ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಪಾಸಿಟಿವ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ ಆಗ ಶಾರ್ಟ್ ಆಗುವುದಿಲ್ಲ. ಮತ್ತೆ ಜೋಡಿಸಿದ ಮೇಲೆ ಗಾಜು ಒಂದೇ ಒತ್ತಿಗೆ ಏರದಿದ್ದರೆ ಮೋಟರ್ ಕೆಟ್ಟಿಲ್ಲ, ಮೇಲಿನ ಕೊನೆ ಎಲ್ಲಿ ಎಂಬುದನ್ನು ಅದು ಮರೆತಿದೆ. ಗಾಜು ಪೂರ್ತಿ ಏರಿಸಿ ಸ್ವಿಚ್ಚನ್ನು ಕೆಲವು ಸೆಕೆಂಡ್ ಎಳೆದೇ ಹಿಡಿದರೆ ಹೆಚ್ಚಿನ ಕಾರುಗಳಲ್ಲಿ ಕಲಿತುಕೊಳ್ಳುತ್ತದೆ. ಸ್ಟಿಯರಿಂಗ್ ದೀಪ ಉಳಿದಿದ್ದರೆ ಸ್ವಲ್ಪ ದೂರ ಓಡಿಸಿ, ಅಥವಾ ಎರಡೂ ಕಡೆ ಕೊನೆತನಕ ತಿರುಗಿಸಿ.

ಎಲೆಕ್ಟ್ರಿಕ್ ಕಾರಿನವರೂ ಇದರಿಂದ ಹೊರತಲ್ಲ. ಅದರಲ್ಲೂ ಚಿಕ್ಕದೊಂದು 12 ವೋಲ್ಟಿನ ಬ್ಯಾಟರಿ ಇರುತ್ತದೆ. ಅದು ಇಳಿದರೆ ದೊಡ್ಡ ಬ್ಯಾಟರಿಯನ್ನು ಜೋಡಿಸುವ ಸ್ವಿಚ್ಚಾದ ಕಾಂಟ್ಯಾಕ್ಟರ್ ಸೇರುವುದಿಲ್ಲ, ನೂರು ಪರ್ಸೆಂಟ್ ಚಾರ್ಜ್ ಇದ್ದೂ ಕಾರು ಅಲುಗುವುದಿಲ್ಲ. ಬಾಗಿಲೇ ತೆರೆಯದಿದ್ದರೆ ರಿಮೋಟಿನೊಳಗೆ ಲೋಹದ ಕೀ ಇದೆಯೇ ನೋಡಿ. ಆಟೋಮ್ಯಾಟಿಕ್ ಗೇರ್ ಪಾರ್ಕ್‌ನಿಂದ ಬರದಿದ್ದರೆ ಹಲವು ಕಾರುಗಳಲ್ಲಿ ಗೇರ್ ಲಿವರಿನ ಪಕ್ಕದ ಸಣ್ಣ ಮುಚ್ಚಳದಡಿ ಬಿಡುಗಡೆಯ ಗುಂಡಿ ಇರುತ್ತದೆ. ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಮಾತ್ರ ಕರೆಂಟ್ ಇಲ್ಲದೆ ಬಿಡುವುದಿಲ್ಲ, ಅಂಥ ಕಾರನ್ನು ತಳ್ಳುವ ಸಾಹಸ ಬೇಡ.

ತಯಾರಕರ ಪಾಲಿನ ಕೆಲಸವೂ ಒಂದಿದೆ. ಒಳಗೆ ಸೆನ್ಸರ್ ಅಳೆದ ವೋಲ್ಟನ್ನು ಪರದೆಯ ಮೇಲೆ ಸಂಖ್ಯೆಯಾಗಿ ತೋರಿಸಲು ಹೊಸ ಪಾರ್ಟ್ ಏನೂ ಬೇಡ, ಸಾಫ್ಟ್‌ವೇರಿನಲ್ಲಿ ಒಂದು ಪುಟ ಸಾಕು. ಯಾವ ಮಟ್ಟಕ್ಕೆ ಯಾವ ಸೌಲಭ್ಯ ನಿಲ್ಲುತ್ತದೆ ಎಂಬ ಪಟ್ಟಿ ಮಾಲೀಕರ ಕೈಪಿಡಿಯಲ್ಲಿರಲಿ. ಸ್ಟಾರ್ಟ್-ಸ್ಟಾಪ್ ಕಾರಿಗೆ ಇಎಫ್‌ಬಿ (ಮಾಮೂಲಿ ಬಗೆಯದೇ, ಇನ್ನಷ್ಟು ಗಟ್ಟಿಮಾಡಿದ್ದು) ಅಥವಾ ಎಜಿಎಂ ಬ್ಯಾಟರಿಯೇ ಬೇಕು, ಮಾಮೂಲಿಯದು ಬೇಗ ಸಾಯುತ್ತದೆ. ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿಯನ್ನು ಸ್ಕ್ಯಾನರಿನಿಂದ ರಿಜಿಸ್ಟರ್ ಮಾಡದಿದ್ದರೆ ಹಳೆಯದಕ್ಕೆ ಕೊಡುತ್ತಿದ್ದಂತೆಯೇ ಚಾರ್ಜ್ ಕೊಡುತ್ತದೆ. ಇವೆರಡು ವಿಷಯ ಬ್ಯಾಟರಿಯ ಮುಚ್ಚಳದ ಮೇಲೆಯೇ ಅಚ್ಚಾಗಿರಲಿ.

ಜಾಬ್ ಕಾರ್ಡಿನಲ್ಲಿ ಜಾಗ ಇಲ್ಲ ಎನ್ನುವ ವರ್ಕ್‌ಶಾಪುಗಳಲ್ಲಿ ಮಾಲೀಕರು ಬಿಲ್ಲಿನ ಹಿಂಬದಿಯಲ್ಲಾದರೂ ಆ ಮೂರು ಅಂಕಿ, ತಾರೀಖಿನ ಸಮೇತ, ಬರೆಸಿಕೊಳ್ಳಲಿ. ಆರು ತಿಂಗಳ ನಂತರ ಇನ್ನೊಮ್ಮೆ ಅಳೆದಾಗ ಹೋಲಿಸಲು ಅದು ಬೇಕಾಗುತ್ತದೆ.

ಇಂತಿ,
ಓದುಗ, ಆಟೋ ಎಲೆಕ್ಟ್ರಿಷಿಯನ್