ಮಗಳಿಗೊಂದು ಪತ್ರ: ಹಂಚಿಕೊಂಡ ಪಟ್ಟವೂ ಪಟ್ಟವೇ

ಮಂಡ್ಯ
8 ಏಪ್ರಿಲ್ 2025

ಪ್ರೀತಿಯ ಮಗಳೇ,

ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ. ನಿನ್ನ ಅಪ್ಪನ ಮಂಡಿನೋವು ಎಷ್ಟೋ ವಾಸಿ.

ಶನಿವಾರ ಫೋನಿನಲ್ಲಿ ನೀನು "ಅಮ್ಮಾ, ಈ ವರ್ಷ ನಮಗೆ ಏನೂ ದಕ್ಕಲಿಲ್ಲ" ಅಂದೆಯಲ್ಲ, ಆ ಮಾತು ಇನ್ನೂ ನನ್ನ ತಲೆಯಲ್ಲೇ ಇದೆ. ಹಿಂದಿನ ರಾತ್ರಿ ಟ್ಯಾಂಪಾದಲ್ಲಿ, ರಾಷ್ಟ್ರೀಯ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯ ಸೆಮಿಫೈನಲ್‌ನಲ್ಲಿ, ನಿಮ್ಮ ಟೆಕ್ಸಸ್ ವಿಶ್ವವಿದ್ಯಾಲಯದ ಹುಡುಗಿಯರ ತಂಡ 57-74ರಿಂದ ಸೌತ್ ಕ್ಯಾರೊಲಿನಾಗೆ ಸೋತಿತ್ತು. ನಿನ್ನ ದನಿ ಕಟ್ಟಿತ್ತು, ಅದಕ್ಕೇ ಆಗ ನಾನು ವಾದಕ್ಕೆ ಇಳಿಯಲಿಲ್ಲ. ಆದರೆ ನೀನು ಅಂದಿದ್ದು ನನಗೆ ಒಪ್ಪಿಗೆಯಿಲ್ಲ. ದಕ್ಕಿದೆ ಮಗಳೇ. ಎಸ್‌ಇಸಿ, ಅಂದರೆ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ಅನ್ನುವ ವಿಶ್ವವಿದ್ಯಾಲಯಗಳ ಲೀಗಿನ ಪಟ್ಟ ದಕ್ಕಿದೆ. ಇನ್ನೊಂದು ತಂಡದ ಜೊತೆ ಹಂಚಿಕೊಂಡಿದ್ದು ಅನ್ನುವ ಕಾರಣಕ್ಕೆ ಅದನ್ನು ಲೆಕ್ಕದಿಂದ ಬಿಡಬೇಡ.

ಮೊದಲಿಂದ ನೋಡು. ಟೆಕ್ಸಸ್ ಈ ಕಾನ್ಫರೆನ್ಸಿಗೆ ಸೇರಿದ್ದೇ 2024ರ ಜುಲೈನಲ್ಲಿ. ಹದಿನಾರು ತಂಡಗಳ ಲೀಗು, ಒಬ್ಬೊಬ್ಬರಿಗೂ ಹದಿನಾರು ಪಂದ್ಯ. ಹದಿನಾಲ್ಕು ತಂಡಗಳ ಎದುರು ಒಂದೊಂದು ಸಲ, ಒಂದು ತಂಡದ ಎದುರು ಮಾತ್ರ ಎರಡು ಸಲ. ಆ ಒಂದು ತಂಡ ಟೆಕ್ಸಸ್ ಪಾಲಿಗೆ ಬಂದಿದ್ದು ಯಾವುದು? ಹಿಂದಿನ ವರ್ಷ ಒಂದೂ ಪಂದ್ಯ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಗಿದ್ದ, ಕೋಚ್ ಡಾನ್ ಸ್ಟೇಲಿ ಕಟ್ಟಿ ಬೆಳೆಸಿದ ಸೌತ್ ಕ್ಯಾರೊಲಿನಾ. ಹೊಸದಾಗಿ ಬಂದವರಿಗೆ ಇದಕ್ಕಿಂತ ಕಷ್ಟದ ಪಾಲು ಇರಲಿಲ್ಲ.

ಜನವರಿ 12ಕ್ಕೆ ಅವರ ಊರು ಕೊಲಂಬಿಯಾದಲ್ಲಿ 50-67, ಸೋಲು. ಫೆಬ್ರವರಿ 9ಕ್ಕೆ ನಿಮ್ಮ ಆಸ್ಟಿನ್‌ನಲ್ಲಿ 66-62, ಗೆಲುವು. ಆ ಎರಡನೆಯ ಪಂದ್ಯದ ಬೆಲೆ ನಿನಗೆ ನಿಜವಾಗಿ ಗೊತ್ತಾ? 2021ರ ಡಿಸೆಂಬರ್‌ನಲ್ಲಿ ಮಿಸೌರಿಗೆ ಸೋತ ಮೇಲೆ ಸೌತ್ ಕ್ಯಾರೊಲಿನಾ ಲೀಗಿನಲ್ಲಿ ಸತತ 57 ಪಂದ್ಯ ಗೆದ್ದಿತ್ತು. ಮೂರು ವರ್ಷದ ಆ ಓಟವನ್ನು ನಿಲ್ಲಿಸಿದ್ದು ನಿನ್ನ ತಂಡ. ನಿಮ್ಮ ಮ್ಯಾಡಿಸನ್ ಬುಕರ್ ಚೆಂಡು ಹಿಡಿದು ಮಧ್ಯದ ದೂರದಿಂದ ನಿಂತು ನೆಗೆದು ಹೊಡೆಯುತ್ತಾಳಲ್ಲ, ಈಗಿನ ಕಾಲದಲ್ಲಿ ಎಲ್ಲರೂ ಮೂರು ಪಾಯಿಂಟಿನ ಗೆರೆಯಾಚೆಗೇ ಓಡುವಾಗ ಆ ಹಳೆಯ ಶಾಟ್ ನೋಡುವುದೇ ಒಂದು ಸುಖ. ಲೀಗಿನ ಕೋಚ್‌ಗಳು ವರ್ಷದ ಆಟಗಾರ್ತಿ ಅಂತ ಅವಳನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಅದಕ್ಕಿಂತ ಹೆಚ್ಚು ನನ್ನ ಕಣ್ಣಿಗೆ ಬಿದ್ದವಳು ನಿಮ್ಮದೇ ತಂಡದ ರೋರಿ ಹಾರ್ಮನ್. ಹಿಂದಿನ ಸೀಸನ್ ಮಧ್ಯದಲ್ಲೇ ಮಂಡಿಯೊಳಗಿನ ಎಸಿಎಲ್ ಅನ್ನುವ ಅಸ್ಥಿರಜ್ಜು ಹರಿದು ಕೂತವಳು, ಈ ಸಲ ಮತ್ತೆ ಎದುರಾಳಿಯ ಉಸಿರು ತಾಗುವಷ್ಟು ಹತ್ತಿರ ನಿಂತು ಡಿಫೆನ್ಸ್ ಆಡಿದಳು. ಆ ಗಾಯ ಆದವರಿಗೆ ಮಂಡಿ ವಾಸಿಯಾದರೂ ಭಯ ವಾಸಿಯಾಗಲು ತುಂಬ ಕಾಲ ಬೇಕು.

ಮಾರ್ಚ್ 2ಕ್ಕೆ ಲೀಗ್ ಮುಗಿದಾಗ ಇಬ್ಬರದೂ 15-1, ಅಂದರೆ ಹದಿನೈದು ಗೆಲುವು, ಒಂದು ಸೋಲು. ಒಬ್ಬರನ್ನೊಬ್ಬರು ಒಂದೊಂದು ಸಲ ಸೋಲಿಸಿದ್ದಾರೆ, ಮಿಕ್ಕ ಹದಿನಾಲ್ಕು ತಂಡಗಳನ್ನೂ ಇಬ್ಬರೂ ಸೋಲಿಸಿದ್ದಾರೆ. ಲೀಗಿನ ಯಾವ ನಿಯಮ ಹಚ್ಚಿ ನೋಡಿದರೂ ಸಮ. ಕೊನೆಗೆ ಕಮಿಷನರ್ ಗ್ರೆಗ್ ಸ್ಯಾಂಕಿ ನಾಣ್ಯ ಚಿಮ್ಮಿಸಿದರು, ಅದು ಸೌತ್ ಕ್ಯಾರೊಲಿನಾ ಕಡೆಗೆ ಬಿತ್ತು.

ಅಲ್ಲಿಂದ ನಿನಗೂ ನಿನ್ನ ರೂಮ್‌ಮೇಟ್‌ಗಳಿಗೂ ಶುರುವಾದ ಸಿಟ್ಟು ಇನ್ನೂ ಇಳಿದಿಲ್ಲ. ಎರಡು ತಿಂಗಳ ಬೆವರನ್ನು ನಾಣ್ಯ ತೀರ್ಮಾನಿಸುವುದಾ ಅಂತ ಕೇಳುತ್ತೀಯ. ಇಲ್ಲ, ನಾಣ್ಯ ಪಟ್ಟವನ್ನು ತೀರ್ಮಾನಿಸಲಿಲ್ಲ. ಲೀಗ್ ಮುಗಿದ ಮೇಲೆ ಅದೇ ತಂಡಗಳ ನಡುವೆ ನಡೆಯುವ ಎಸ್‌ಇಸಿ ನಾಕೌಟ್ ಪಂದ್ಯಾವಳಿಯಲ್ಲಿ ಯಾರು ಮೊದಲ ಸೀಡ್ (ಶ್ರೇಯಾಂಕ), ಯಾರು ಎರಡನೆಯದು ಅನ್ನುವುದನ್ನಷ್ಟೇ ತೀರ್ಮಾನಿಸಿತು. ಇಬ್ಬರೂ ನೇರ ಕ್ವಾರ್ಟರ್‌ಫೈನಲ್‌ಗೇ ಹೋಗುವವರು. ವ್ಯತ್ಯಾಸ ಆಗಿದ್ದು ದಾರಿಯಲ್ಲಿ: ಎರಡನೆಯ ಸೀಡ್ ಆಗಿದ್ದಕ್ಕೆ ಸೆಮಿಫೈನಲ್‌ನಲ್ಲಿ ನಿಮಗೆ ಎಲ್‌ಎಸ್‌ಯು (ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯ) ಸಿಕ್ಕಿತು, ಅವರಿಗೆ ಒಕ್ಲಹೋಮ. ಎಲ್‌ಎಸ್‌ಯುವನ್ನು 56-49ರಿಂದ ದಾಟಿದಿರಿ ತಾನೇ. ಮರುದಿನ ಗ್ರೀನ್‌ವಿಲ್ ಫೈನಲ್‌ನಲ್ಲಿ ಸೌತ್ ಕ್ಯಾರೊಲಿನಾಗೆ 45-64ಕ್ಕೆ ಸೋತಿದ್ದಕ್ಕೆ ನಾಣ್ಯದ ಮೇಲೆ ದೂರು ಹಾಕುವುದು ನ್ಯಾಯವಲ್ಲ.

ನಾಣ್ಯದ ಬದಲು ಪಾಯಿಂಟಿನ ಅಂತರ ನೋಡಬೇಕಿತ್ತು ಅಂತ ನಿನ್ನ ಗೆಳತಿ ವಾದ ಮಾಡಿದಳಂತೆ, ನಮ್ಮ ಕ್ರಿಕೆಟ್ಟಿನ ನೆಟ್ ರನ್‌ರೇಟ್ ಹಾಗೆ. ಅವಳಿಗೆ ಹೇಳು: ಪರಸ್ಪರ ಪಂದ್ಯಗಳಲ್ಲಿ ಅವರು ಗೆದ್ದಿದ್ದು 17 ಪಾಯಿಂಟಿನಿಂದ, ನೀವು ಗೆದ್ದಿದ್ದು 4ರಿಂದ. ಆ ಲೆಕ್ಕ ಹಿಡಿದಿದ್ದರೆ ನಾಣ್ಯ ಚಿಮ್ಮಿಸುವ ಅವಕಾಶವೂ ನಿಮಗೆ ಸಿಗುತ್ತಿರಲಿಲ್ಲ. ಯುಕಾನ್ (ಕನೆಕ್ಟಿಕಟ್ ವಿಶ್ವವಿದ್ಯಾಲಯ) ಸೌತ್ ಕ್ಯಾರೊಲಿನಾದ ಅಂಗಳಕ್ಕೇ ಹೋಗಿ ಅವರನ್ನು 87-58ರಿಂದ ಬಡಿಯಿತಲ್ಲ ಅನ್ನುವುದು ಇನ್ನೊಂದು ವಾದ. ನಿಜ, ಆದರೆ ಅದು ಲೀಗಿನ ಹೊರಗಿನ ಪಂದ್ಯ. ಲೀಗಿನ ಪಟ್ಟಕ್ಕೆ ಲೀಗಿನ ಹದಿನಾರೇ ಲೆಕ್ಕ. ಆ ನಿಯಮ ನನಗೆ ಸರಿ ಅನ್ನಿಸುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಕಾಲೇಜಿನಲ್ಲಿ ಆಡಿದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಲೀಗ್ ಅನ್ನುವುದೇ ಇರಲಿಲ್ಲ. ಅಂತರ ಕಾಲೇಜು ಪಂದ್ಯಾವಳಿ ಅಂದರೆ ಎರಡು ದಿನದ ನಾಕೌಟ್. ಜೂನ್‌ನಿಂದ ಬೆಳಗ್ಗೆ ಆರಕ್ಕೆ ಎದ್ದು ಸಿಮೆಂಟ್ ಕೋರ್ಟಿನಲ್ಲಿ ಪ್ರಾಕ್ಟೀಸ್ ಮಾಡಿ, ಮೊದಲ ಪಂದ್ಯದಲ್ಲೇ ಸೋತರೆ ಮಧ್ಯಾಹ್ನದ ಬಸ್ಸಿಗೆ ವಾಪಸ್. ಇನ್ನೊಂದು ಅವಕಾಶಕ್ಕೆ ಮುಂದಿನ ವರ್ಷ. ಮೂರನೆಯ ವರ್ಷದ ಹುಡುಗಿಯರಿಗೆ ಮುಂದಿನ ವರ್ಷವೂ ಇಲ್ಲ. ಒಂದು ದಿನ ಕೈ ಆಡದಿದ್ದರೆ ಇಡೀ ವರ್ಷ ನಾವು ಕೆಟ್ಟ ತಂಡ. ಲೀಗ್ ಹಾಗಲ್ಲ. ಗುರುವಾರ ಸಂಜೆ ದೂರದ ಊರಲ್ಲಿ ಪ್ರಯಾಣದ ಆಯಾಸದಲ್ಲೇ ಆಡಿ ಗೆಲ್ಲಬೇಕು, ಮತ್ತೆ ಭಾನುವಾರ ಗೆಲ್ಲಬೇಕು. ಜನವರಿಯಲ್ಲಿ ಸೋತವರನ್ನು ಫೆಬ್ರವರಿಯಲ್ಲಿ ಮತ್ತೆ ಎದುರಿಸಿ, ಕಲಿತದ್ದನ್ನು ತೋರಿಸಬಹುದು. ಟೆಕ್ಸಸ್ ತೋರಿಸಿತು. ಒಂದು ತಂಡ ನಿಜವಾಗಿ ಎಷ್ಟು ಒಳ್ಳೆಯದು ಅಂತ ತಿಳಿಯಬೇಕಾದರೆ ನಾನು ಮಾರ್ಚಿನ ನಾಕೌಟ್ ಪಟ್ಟಿ ನೋಡುವುದಿಲ್ಲ, ಈ ಹದಿನಾರು ಪಂದ್ಯದ ಪಟ್ಟಿ ನೋಡುತ್ತೇನೆ. ಮಾರ್ಚಿನ ರೋಮಾಂಚನ ಬೇರೆ, ಅದನ್ನು ನಾನು ತಳ್ಳಿಹಾಕುತ್ತಿಲ್ಲ.

ಇಡೀ ಸೀಸನ್ನಿನಲ್ಲಿ ಟೆಕ್ಸಸ್ 35 ಗೆದ್ದು 4 ಸೋತಿದೆ. ಆ ನಾಲ್ಕರಲ್ಲಿ ಮೂರು ಸೌತ್ ಕ್ಯಾರೊಲಿನಾ ಎದುರೇ. ಇನ್ನೊಂದು ನೋಟರ್ ಡೇಮ್ ಎದುರು, ಅದೂ ಓವರ್‌ಟೈಮ್‌ನಲ್ಲಿ. ಫೈನಲ್ ಫೋರ್, ಅಂದರೆ ರಾಷ್ಟ್ರೀಯ ಪಂದ್ಯಾವಳಿಯ ಕೊನೆಯ ನಾಲ್ಕು ತಂಡಗಳ ಹಂತ, ತಲುಪಿದ್ದು 2003ರ ನಂತರ ಇದೇ ಮೊದಲು. ಇದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸು.

ಇನ್ನೊಂದು ಮಾತು. ನೀವು ಹುಡುಗಿಯರೆಲ್ಲ ಸೀಡ್ ಬಗ್ಗೆ, ನಾಣ್ಯದ ಬಗ್ಗೆ ಗಂಟೆಗಟ್ಟಲೆ ಜಗಳ ಆಡುವುದು ಕೇಳಿದರೆ ನನಗೆ ಸಂತೋಷವೇ. 2021ರಲ್ಲಿ ನಿಮ್ಮ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲೇ ಮಹಿಳೆಯರ ರಾಷ್ಟ್ರೀಯ ಪಂದ್ಯಾವಳಿ ನಡೆದಾಗ, ಅಷ್ಟೂ ತಂಡಗಳಿಗೆ ವ್ಯಾಯಾಮಕ್ಕೆ ಅಂತ ಒಂದು ಪುಟ್ಟ ಡಂಬೆಲ್ ಸ್ಟ್ಯಾಂಡ್ ಇಟ್ಟಿದ್ದರು. ಗಂಡಸರಿಗೆ ದೊಡ್ಡ ಜಿಮ್ಮು. ಸೆಡೋನಾ ಪ್ರಿನ್ಸ್ ಅನ್ನುವ ಆಟಗಾರ್ತಿ ಅದನ್ನು ವಿಡಿಯೊ ಮಾಡಿ ಹಾಕಿದ ಮೇಲೆ ಲೋಕಕ್ಕೆ ಗೊತ್ತಾಯಿತು. 'ಮಾರ್ಚ್ ಮ್ಯಾಡ್ನೆಸ್' ಅನ್ನುವ ಹೆಸರು ಹೆಂಗಸರ ಪಂದ್ಯಾವಳಿಗೂ ಸಿಕ್ಕಿದ್ದು 2022ರಲ್ಲಿ. ಅಲ್ಲಿ ತಂಡಗಳು ಆಡಿದ ಪಂದ್ಯಗಳಿಗೆ ಅವುಗಳ ಕಾನ್ಫರೆನ್ಸಿಗೆ ಹಣ ಸಿಗತೊಡಗಿದ್ದು ಈ ವರ್ಷ, ಈ ಪಂದ್ಯಾವಳಿಯಿಂದಲೇ. ಗಂಡಸರ ಕಡೆ ಅದು ಎಷ್ಟೋ ದಶಕಗಳಿಂದ ಇದ್ದ ಪದ್ಧತಿ. ಬೆಲೆ ಇಲ್ಲದ ಆಟದ ಬಗ್ಗೆ ಯಾರೂ ಹೀಗೆ ಗಂಟಲು ಹರಿದುಕೊಳ್ಳುವುದಿಲ್ಲ. ಆದ್ದರಿಂದ ಜಗಳ ಆಡಿ. ಸೌತ್ ಕ್ಯಾರೊಲಿನಾ ಹುಡುಗಿಯರ ಆಟವನ್ನು ಮಾತ್ರ ಹೀಗಳೆಯಬೇಡ. ಅವರ ಆಶ್ಲಿನ್ ವಾಟ್ಕಿನ್ಸ್ ಜನವರಿಯಲ್ಲೇ ಮಂಡಿಯ ಎಸಿಎಲ್ ಹರಿದುಕೊಂಡು ಹೊರಗಾದಳು. ಅವಳಿಲ್ಲದೆಯೂ ಫೈನಲ್ ತನಕ ಹೋದ ತಂಡ ಅದು. ಯುಕಾನ್ ಕೈಯಲ್ಲಿ 59-82ರಿಂದ ಸೋತು ಮನೆಗೆ ಮರಳಿದ ಮೇಲೆ ಅವರಿಗೂ ನಿನ್ನಷ್ಟೇ ಹೊಟ್ಟೆ ಉರಿದಿರುತ್ತದೆ.

ಪರೀಕ್ಷೆ ಮುಗಿದ ಕೂಡಲೇ ಟಿಕೆಟ್ ದಿನಾಂಕ ತಿಳಿಸು. ಅತ್ತೆ ಚಕ್ಕುಲಿ, ಕೋಡುಬಳೆ ಮಾಡಿಡುತ್ತೇನೆ ಅಂದಿದ್ದಾರೆ. ನವೆಂಬರ್‌ನಲ್ಲಿ ಹೊಸ ಸೀಸನ್ ಶುರುವಾದಾಗ ನಿಮ್ಮ ತಂಡದ ಅಂಗಳ ಮೂಡಿ ಸೆಂಟರ್‌ಗೆ ಹೋಗುತ್ತೀಯಲ್ಲ, ಅಲ್ಲಿ 2025ರ ಎಸ್‌ಇಸಿ ಪಟ್ಟದ ಬ್ಯಾನರ್ ತೂಗುಹಾಕಿದ್ದಾರಾ ನೋಡಿ ಫೋಟೊ ಕಳಿಸು. ಹಾಕಿರದಿದ್ದರೆ ಯಾಕೆ ಹಾಕಿಲ್ಲ ಅಂತ ಕೇಳಿಕೊಂಡು ಬಾ.

ಇಂತಿ ನಿನ್ನ
ಅಮ್ಮ