ಮಾಲೀಕರು ಯಾರು ಅಂತ ಹೇಳಿ, ಸಚಿವರೇ

ಕೇಂದ್ರ ಹಣಕಾಸು ಮತ್ತು ಕಾರ್ಪೊರೇಟ್ ವ್ಯವಹಾರಗಳ ಸಚಿವರಿಗೆ,

ಮಾನ್ಯರೇ, ನಮಸ್ಕಾರ.

ರಾಜ್ಯಸಭೆಯಲ್ಲಿ ನೀವು ಕರ್ನಾಟಕದ ಸದಸ್ಯರು. ಕಂಪನಿ ಕಾನೂನಿನ ಇಲಾಖೆಯೂ ನಿಮ್ಮದೇ. ಹಾಗಾಗಿ ನಿಮಗೇ ಬರೆಯುತ್ತಿದ್ದೇನೆ. ನನಗೆ ಬೇಕಿರುವುದು ಒಂದು ಹೆಸರು. ನಮ್ಮ ಬಾಕಿ ಕೊಡದೆ ಬಾಗಿಲು ಹಾಕಿದ ಕಂಪನಿಯ ನಿಜವಾದ ಮಾಲೀಕರು ಯಾರು?

ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಮಷೀನ್ ಶಾಪ್. ಸಿಎನ್‌ಸಿ ಲೇತ್‌ಗಳಲ್ಲಿ ಶಾಫ್ಟ್, ಬುಷ್, ಫ್ಲ್ಯಾಂಜ್ ಮಾಡಿ ದೊಡ್ಡ ಕಂಪನಿಗಳಿಗೆ ಕೊಡುತ್ತೇವೆ. ಅಂಥ ಒಂದು ಕಂಪನಿ ವರ್ಷಗಟ್ಟಲೆ ನಮ್ಮ ಹತ್ತಿರ ಮಾಲು ತಗೊಂಡಿತು. ಮೊದಮೊದಲು ಪೇಮೆಂಟ್ ಸರಿಯಾಗಿಯೇ ಬರುತ್ತಿತ್ತು. ಆಮೇಲೆ ತಡವಾಯಿತು, ಆಮೇಲೆ ನಿಂತೇ ಹೋಯಿತು. ಆರ್ಡರ್ ಮಾತ್ರ ನಿಲ್ಲಲಿಲ್ಲ. ಬಿಲ್ ಹಾಕಿದ ತಪ್ಪಿಗೆ ಪ್ರತಿ ತಿಂಗಳೂ ಶೇಕಡ 18 ಜಿಎಸ್‌ಟಿ ನಾನು ಕೈಯಿಂದ ಕಟ್ಟಿದೆ. ಬಾರದ ದುಡ್ಡಿಗೂ ತೆರಿಗೆ! ಓಡಿ (ಓವರ್‌ಡ್ರಾಫ್ಟ್ ಸಾಲದ) ಅಕೌಂಟ್ ತುಂಬಿತು. ಹೆಂಡತಿಯ ಬಳೆ ಬ್ಯಾಂಕಿಗೆ ಹೋದವು. ಹನ್ನೆರಡು ವರ್ಷ ನಮ್ಮಲ್ಲಿ ಮಷೀನ್ ಸೆಟ್ ಮಾಡುವ ಸೆಟ್ಟರ್ ಆಗಿದ್ದ ಹುಡುಗನನ್ನು ಬಿಡಬೇಕಾಯಿತು. ಅವನು ಹೋಗುವಾಗ ತನ್ನ ವರ್ನಿಯರ್, ಮೈಕ್ರೋಮೀಟರ್ ಎಲ್ಲ ಒರೆಸಿ, ಡಬ್ಬಿಯಲ್ಲಿಟ್ಟು, ಲೆಕ್ಕ ಹೇಳಿ ಒಪ್ಪಿಸಿ ಹೋದ. ಅಷ್ಟು ಪ್ರಾಮಾಣಿಕ. ಅವನಿಗೆ ನಾನು ಏನಂತ ಹೇಳಲಿ?

ಒಂದು ಶನಿವಾರ ಆ ಕಂಪನಿಯ ಗೇಟಿನ ಹತ್ತಿರ ನಾನು ಕಂಡದ್ದನ್ನು ಹೇಳಲೇಬೇಕು. "ಮುಂದಿನ ವಾರ ಚೆಕ್ ರೆಡಿ ಸಾರ್" ಅಂತ ಪರ್ಚೇಸ್‌ನವರು ಹಿಂದಿನ ದಿನವಷ್ಟೇ ಫೋನಿನಲ್ಲಿ ಹೇಳಿದ್ದರು. ಹೋಗಿ ನೋಡಿದರೆ ಟ್ರೇಲರ್ ಮೇಲೆ ಮಷೀನ್ ಏರಿಸುತ್ತಿದ್ದಾರೆ. ಪಕ್ಕದ ಲಾರಿಯಲ್ಲಿ ಸ್ಕ್ರ್ಯಾಪ್. ಅದರಲ್ಲಿ ನಮ್ಮ ನೀಲಿ ಬಿನ್‌ಗಳು, ಹಳದಿ ಪೇಂಟಿನಲ್ಲಿ ನಮ್ಮ ಶಾಪಿನ ಹೆಸರು. ಒಳಗೆ ನಮ್ಮದೇ ಬುಷ್‌ಗಳು, ಎಣ್ಣೆ ಕಾಗದ ಕೂಡ ಬಿಚ್ಚಿರಲಿಲ್ಲ. ದುಡ್ಡು ಕೊಡದ ಮಾಲನ್ನು ಕಿಲೋ ಲೆಕ್ಕದಲ್ಲಿ ಮಾರುತ್ತಿದ್ದರು. ಸೆಕ್ಯುರಿಟಿಯವರು ನನ್ನನ್ನು ಒಳಗೆ ಬಿಡಲಿಲ್ಲ. ಆ ದಿನ ನೆನೆದರೆ ಇವತ್ತಿಗೂ ಕೈ ನಡುಗುತ್ತದೆ.

ನಿಯಮಗಳು ನಿಮಗೆ ಗೊತ್ತೇ ಇವೆ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ದುಡ್ಡು ಕೊಡಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ತಪ್ಪಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಇಂಥ ಬಾಕಿ ತಕರಾರು ಇತ್ಯರ್ಥ ಮಾಡುವ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋದೆ, ಆದೇಶ ನನ್ನ ಪರ ಬಂತು. ವಸೂಲಿಗೆ ಹೋದರೆ ಅಲ್ಲಿ ಏನೂ ಇಲ್ಲ. ಶೆಡ್ಡು ಬಾಡಿಗೆಯದು, ಮಷೀನ್ ಲೀಸಿನದು. ಕಂಪನಿಗಳ ದಿವಾಳಿ ಪ್ರಕರಣ ನೋಡುವ ಎನ್‌ಸಿಎಲ್‌ಟಿ ಟ್ರಿಬ್ಯೂನಲ್‌ಗೆ ಹೋಗೋಣ ಅಂದರೆ ನನ್ನ ಬಾಕಿ ಒಂದು ಕೋಟಿ ಮುಟ್ಟುವುದಿಲ್ಲ. 2020ರ ಮಾರ್ಚ್‌ನಲ್ಲಿ ಆ ಮಿತಿಯನ್ನು ಒಂದು ಲಕ್ಷದಿಂದ ಒಂದು ಕೋಟಿಗೆ ಏರಿಸಿದ್ದು ನಿಮ್ಮ ಸಚಿವಾಲಯ. ಕೋವಿಡ್ ಕಾಲ, ಸರಿ. ಕೋವಿಡ್ ಹೋಯಿತು, ಮಿತಿ ಹಾಗೇ ಉಳಿಯಿತು.

ಹಾಗಾದರೆ ದುಡ್ಡು ಎಲ್ಲಿ ಹೋಯಿತು? ನಿಮ್ಮ ಕಾರ್ಪೊರೇಟ್ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ನೂರು ರೂಪಾಯಿ ಕಟ್ಟಿ ಆ ಕಂಪನಿಯ ಬ್ಯಾಲೆನ್ಸ್ ಶೀಟ್ ತೆಗೆಸಿದೆ. ನಮ್ಮ ಬಿಲ್‌ಗಳು ಕೊಳೆಯುತ್ತಿದ್ದ ಅದೇ ವರ್ಷ "ಮ್ಯಾನೇಜ್‌ಮೆಂಟ್ ಫೀ" ಅಂತ ದೊಡ್ಡ ಮೊತ್ತ ಅದರ ಷೇರು ಹಿಡಿದಿರುವ ಮಾರಿಷಸ್‌ನ ಹೋಲ್ಡಿಂಗ್ ಕಂಪನಿಗೆ ಹೋಗಿದೆ. ಕೊನೆಯ ಪುಟಗಳಲ್ಲಿ ರಿಲೇಟೆಡ್ ಪಾರ್ಟಿ, ಅಂದರೆ ಕಂಪನಿಗೆ ಸಂಬಂಧಪಟ್ಟವರ ಜೊತೆಗಿನ ವ್ಯವಹಾರದ ಟಿಪ್ಪಣಿ ಇತ್ತು. ಮಾರಿಷಸ್ ಕಂಪನಿಯ ಮೇಲೆ ಇನ್ನೊಂದು ಕಂಪನಿ, ಬ್ರಿಟಿಷ್ ವರ್ಜಿನ್ ಐಲೆಂಡ್ಸ್‌ನದು. ಅಲ್ಲಿಗೆ ದಾರಿ ಮುಗಿಯಿತು. ಮನುಷ್ಯರ ಹೆಸರು ಎಲ್ಲೂ ಇಲ್ಲ.

ಮಾರಿಷಸ್‌ನಲ್ಲಿ ಇಂಥವಕ್ಕೆ ಗ್ಲೋಬಲ್ ಬಿಸಿನೆಸ್ ಕಂಪನಿ ಅನ್ನುತ್ತಾರೆ. ಲೈಸೆನ್ಸ್ ಇರುವ ಮ್ಯಾನೇಜ್‌ಮೆಂಟ್ ಕಂಪನಿಯೊಂದು ಅದನ್ನು ನೋಡಿಕೊಳ್ಳಬೇಕು, ಇಬ್ಬರಾದರೂ ನಿರ್ದೇಶಕರು ಅಲ್ಲಿಯ ನಿವಾಸಿಗಳಾಗಿರಬೇಕು. ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಕಡತ ನೋಡಲು ಸಾರ್ವಜನಿಕರಿಗೆ ಅವಕಾಶವಿಲ್ಲ. ನಾನು ಪೋರ್ಟ್ ಲೂಯಿಯ ವಿಳಾಸಕ್ಕೆ ನೋಟಿಸ್ ಕಳಿಸಿದೆ. ಉತ್ತರ ಬರಲಿಲ್ಲ.

ವರ್ಜಿನ್ ಐಲೆಂಡ್ಸ್‌ದು ಇನ್ನೂ ಗಟ್ಟಿ ಗೋಡೆ. ಅಲ್ಲಿರುವ ಜನ ನಮ್ಮ ಒಂದು ತಾಲ್ಲೂಕಿನಷ್ಟೂ ಇಲ್ಲ. ಕಂಪನಿಗಳು ಮಾತ್ರ ಲಕ್ಷಗಟ್ಟಲೆ, ಜನರಿಗಿಂತ ಎಷ್ಟೋ ಪಟ್ಟು ಜಾಸ್ತಿ. 1984ರಲ್ಲಿ ಹೊರದೇಶದವರಿಗೆಂದೇ ಕಂಪನಿ ಕಾಯ್ದೆ ಮಾಡಿಕೊಂಡು ಈ ವ್ಯಾಪಾರ ಶುರು ಮಾಡಿದರು. 2004ರ ಕಾಯ್ದೆ ಅದರ ಜಾಗಕ್ಕೆ ಬಂತು. ಒಬ್ಬನೇ ಷೇರುದಾರ, ಒಬ್ಬನೇ ನಿರ್ದೇಶಕ ಸಾಕು. ಲೆಕ್ಕಪತ್ರವನ್ನು ಜನರ ಮುಂದೆ ಇಡಬೇಕಾಗಿಲ್ಲ. ನಿಜವಾದ ಮಾಲೀಕರ ಹೆಸರನ್ನು 2017ರಿಂದ ದಾಖಲು ಮಾಡಿಸುತ್ತಾರೆ, ಆದರೆ ಅದು ಪೊಲೀಸರಿಗೆ, ತೆರಿಗೆಯವರಿಗೆ. ಬಾಕಿ ಬರಬೇಕಾದ ಪೀಣ್ಯದವನಿಗಲ್ಲ. ಬ್ರಿಟನ್ ತನ್ನ ನೆಲದ ಕಂಪನಿಗಳ ಹಿಂದಿರುವವರ ಹೆಸರನ್ನು 2016ರಿಂದ ಪುಕ್ಕಟೆಯಾಗಿ ಇಂಟರ್ನೆಟ್ಟಿನಲ್ಲಿ ತೋರಿಸುತ್ತದೆ. ತನ್ನ ಕೈಕೆಳಗಿನ ಈ ದ್ವೀಪಗಳೂ ಹಾಗೇ ಮಾಡಬೇಕು ಅಂತ 2018ರಲ್ಲಿ ಕಾನೂನು ಮಾಡಿತು. ಗಡುವುಗಳು ಒಂದರ ಹಿಂದೆ ಒಂದು ದಾಟಿ ಹೋದವು.

ಇದು ನಿಮ್ಮ ಕೈಯಲ್ಲಿಲ್ಲ ಅಂತ ನೀವು ಹೇಳಬಹುದು. ಬೇರೆ ದೇಶದ ಕಾನೂನನ್ನು ನೀವು ತಿದ್ದಲಾಗದು, ಒಪ್ಪುತ್ತೇನೆ. ಆದರೆ ನಮ್ಮದೇ 2013ರ ಕಂಪನಿ ಕಾಯ್ದೆ ಇದೆಯಲ್ಲ, ಅದರ 90ನೇ ಸೆಕ್ಷನ್ ಇದೆಯಲ್ಲ. ಎಷ್ಟು ಕಂಪನಿಗಳ ಹಿಂದೆ ಅವಿತಿದ್ದರೂ ಶೇಕಡ 10 ಅಥವಾ ಜಾಸ್ತಿ ಪಾಲು ಅನುಭವಿಸುವ ಮನುಷ್ಯ ತನ್ನ ಹೆಸರು ಹೇಳಬೇಕು, ಕಂಪನಿ ಅದನ್ನು ರಿಜಿಸ್ಟರ್‌ನಲ್ಲಿ ಬರೆದಿಡಬೇಕು, ನಿಮ್ಮ ಕಂಪನಿ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ಒಳ್ಳೆಯ ಕಾನೂನು. ಆದರೆ ಆ ರಿಜಿಸ್ಟರ್ ನೋಡುವ ಹಕ್ಕನ್ನು ಕಾಯ್ದೆ ಯಾರಿಗೆ ಕೊಟ್ಟಿದೆ? ಕಂಪನಿಯ ಸದಸ್ಯರಿಗೆ, ಅಂದರೆ ಷೇರುದಾರರಿಗೆ. ನನ್ನ ವಿಷಯದಲ್ಲಿ ಷೇರುದಾರ ಆ ಮಾರಿಷಸ್ ಕಂಪನಿಯೇ! ಮುಚ್ಚಿಟ್ಟವನಿಗೆ ನೋಡುವ ಹಕ್ಕಿದೆ, ಮೋಸ ಹೋದವನಿಗೆ ಇಲ್ಲ. ಇದು ಯಾವ ನ್ಯಾಯ ಮೇಡಂ?

ನಮ್ಮ ಪುಟ್ಟ ಪ್ರೈವೇಟ್ ಲಿಮಿಟೆಡ್‌ಗೆ ನಾನು, ನನ್ನ ಹೆಂಡತಿ ಇಬ್ಬರೇ ನಿರ್ದೇಶಕರು. ಕೆವೈಸಿ ತಡವಾದರೆ ಐದು ಸಾವಿರ ದಂಡ ಅಂತ ಹೆದರಿ ಓಟಿಪಿಗಾಗಿ ಫೋನ್ ಹಿಡಿದು ಕೂತಿದ್ದೇವೆ. ನಮ್ಮ ಪ್ಯಾನ್, ಆಧಾರ್, ಮನೆ ವಿಳಾಸ ಎಲ್ಲ ನಿಮ್ಮ ಹತ್ತಿರ ಇದೆ. ನಮಗೆ ಕೊಡಬೇಕಾದ ದುಡ್ಡು ನುಂಗಿದವನದು ಮಾತ್ರ ಯಾಕೆ ಗುಟ್ಟು?

ಈ ದ್ವೀಪಗಳ ಕಷ್ಟ ನಿಮ್ಮ ಸರ್ಕಾರಕ್ಕೂ ಗೊತ್ತು. 2007ರಲ್ಲಿ ಕೇಮನ್ ದ್ವೀಪದ ಒಂದು ಕಂಪನಿಯ ಷೇರು ಕೈ ಬದಲಾಗಿ, ನಮ್ಮ ದೇಶದ ದೊಡ್ಡ ಮೊಬೈಲ್ ಕಂಪನಿಯ ಹಿಡಿತವೇ ವೊಡಾಫೋನ್‌ಗೆ ಹೋಯಿತು. ಹನ್ನೊಂದು ಸಾವಿರ ಕೋಟಿಯಷ್ಟು ತೆರಿಗೆ ಕೇಳಿದ ಸರ್ಕಾರ 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ಮಾರಿಷಸ್ ಜೊತೆಗಿನ 1982ರ ತೆರಿಗೆ ಒಪ್ಪಂದವನ್ನು 2016ರಲ್ಲಿ ತಿದ್ದಿದಿರಿ. ವರ್ಜಿನ್ ಐಲೆಂಡ್ಸ್ ಜೊತೆ 2011ರಲ್ಲೇ ಮಾಹಿತಿ ವಿನಿಮಯಕ್ಕೆ ಸಹಿ ಆಗಿದೆ, ಅದೂ ತೆರಿಗೆಗೆ ಮಾತ್ರ. ಸರ್ಕಾರದ ಬಾಕಿಗೆ ಒಪ್ಪಂದ ಬೇಕು ಅಂತ ನಿಮಗೆ ಅನಿಸಿತು. ನಮ್ಮ ಬಾಕಿಗೆ ಏನೂ ಬೇಡವಾ? ಅಷ್ಟೊಂದು ವಕೀಲರಿರುವ ಸರ್ಕಾರವೇ ಸೋತರೆ, ನನ್ನಂಥವನು ಕೋರ್ಟಿಗೆ ಹೋಗುವುದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡಂತೆ ಅಲ್ವಾ?

ಕಂಪನಿ ಮುಳುಗಿದರೆ ಮಾಲೀಕರ ಮನೆ ಮಾರಿ ಕೊಡಿ ಅಂತ ನಾನು ಕೇಳುತ್ತಿಲ್ಲ. ಲಿಮಿಟೆಡ್ ಅಂದರೆ ಏನು ಅಂತ ನನಗೂ ಗೊತ್ತು, ನಮ್ಮದೂ ಲಿಮಿಟೆಡ್ಡೇ. ಆದರೆ ಬಾಕಿ ಬರಬೇಕಾದವರಿಗೆ ಮೋಸ ಮಾಡಲೆಂದೇ ವ್ಯವಹಾರ ನಡೆಸಿದ್ದರೆ ಅದರ ಹೊಣೆ ಆ ವ್ಯಕ್ತಿಯ ಮೇಲೇ ಬರಬಹುದು ಅಂತ ಅದೇ ಕಾಯ್ದೆಯ 339ನೇ ಸೆಕ್ಷನ್ ಹೇಳುತ್ತದೆ. ವ್ಯಕ್ತಿ ಯಾರು ಅಂತಲೇ ಗೊತ್ತಿಲ್ಲದಿದ್ದರೆ ಹೊಣೆ ಯಾರ ಮೇಲೆ ಹೊರಿಸಲಿ? ಅದಕ್ಕೇ ಹೆಸರು ಬೇಕು.

90ನೇ ಸೆಕ್ಷನ್‌ನ ಮೂರನೇ ಉಪವಿಧಿಯನ್ನು ತಿದ್ದಿ. "ಸದಸ್ಯರು" ಅಂತ ಇರುವ ಕಡೆ "ಬಾಕಿ ಬರಬೇಕಾದವರು" ಅಂತಲೂ ಸೇರಿಸಿ. ಕೌನ್ಸಿಲ್ ಆದೇಶ ಕೈಯಲ್ಲಿರುವ ಸಣ್ಣ ಉದ್ಯಮಿ ಕೇಳಿದರೆ ರಿಜಿಸ್ಟ್ರಾರ್ ಹೆಸರು ಕೊಡಲೇಬೇಕು ಅಂತ ಬರೆಯಿರಿ. ಆ ಮನುಷ್ಯ ಮಾಹಿತಿ ಕೊಡದಿದ್ದರೆ ಆ ಷೇರುಗಳನ್ನು ಕಟ್ಟಿಹಾಕಲು ಕಂಪನಿಯೇ ಟ್ರಿಬ್ಯೂನಲ್‌ಗೆ ಹೋಗಬೇಕು ಅಂತ ಅದೇ ಸೆಕ್ಷನ್‌ನಲ್ಲಿದೆ, ಅದನ್ನು ಜಾರಿ ಮಾಡಿಸಿ. ಮುಂದಿನ ಅಧಿವೇಶನದಲ್ಲೇ ತಿದ್ದುಪಡಿ ತನ್ನಿ. ಅಲ್ಲಿಯವರೆಗೆ ನನ್ನ ಪ್ರಕರಣದಲ್ಲಿ ನಿಮ್ಮ ರಿಜಿಸ್ಟ್ರಾರ್ ಹತ್ತಿರ ಹೆಸರು ಇದೆಯೋ ಇಲ್ಲವೋ, ಅಷ್ಟನ್ನಾದರೂ ಲಿಖಿತವಾಗಿ ತಿಳಿಸಿ. ಕೌನ್ಸಿಲ್ ಆದೇಶದ ಪ್ರತಿ ಮತ್ತು ಇನ್‌ವಾಯ್ಸ್‌ಗಳನ್ನು ನಿಮ್ಮ ಕಚೇರಿಗೆ ಸ್ಪೀಡ್ ಪೋಸ್ಟಿನಲ್ಲಿ ಬೇರೆಯಾಗಿ ಕಳಿಸಿದ್ದೇನೆ.

ಇಂತಿ,
ಪೀಣ್ಯದ ಒಬ್ಬ ಸಣ್ಣ ಉದ್ಯಮಿ